ಜಾಮ್ ಆದ ಪದ್ಮಿನಿ: ತುಕ್ಕು ಬಿಡಿಸಿದವರು ದಾರಿ ಹೇಳಿ

ಕೇಳಿದವರು, ಉಡುಪಿ: ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರು ಶೆಡ್ಡಿನಲ್ಲಿ ನಿಂತು ವರ್ಷಗಳೇ ಆದವು. ಎಂಜಿನ್ ತಿರುಗುತ್ತಿಲ್ಲ. ಹಿಂದಿನ ಒಂದು ಚಕ್ರ ಜಾಮ್. ಕಾಲಿಡುವ ಜಾಗದ ತಗಡನ್ನು ತುಕ್ಕು ತಿಂದಿದೆ. ಗೇರಿಗೆ ಹಾಕಿ ಜೀಪಿನಿಂದ ಎಳೆದರೆ ಬಿಟ್ಟುಕೊಳ್ಳುತ್ತದೆ ಅಂತಾರೆ ಒಬ್ಬರು. ಎಳೆಯಬಹುದಾ?

ಹುಬ್ಬಳ್ಳಿಯಿಂದ: ದಯವಿಟ್ಟು ಎಳೆಯಬೇಡಿ ಸರ್. ಸ್ಟಾರ್ಟರ್ ಕೂಡ ಹೊಡೆಯಬೇಡಿ. ನಿಂತ ಗಾಡಿಯಲ್ಲಿ ಸಾಮಾನ್ಯವಾಗಿ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತದೆ. ಜೋರು ಮಾಡಿದರೆ ರಿಂಗು ಮುರಿದು ಗೋಡೆಯನ್ನು ಗೀರುತ್ತದೆ. ಎಣ್ಣೆಯಲ್ಲೇ ಬಿಡುತ್ತಿದ್ದ ಎಂಜಿನ್ನಿಗೆ ಆಮೇಲೆ ಸಿಲಿಂಡರ್ ಕೊರೆಸುವ ಬೋರಿಂಗ್ ಖರ್ಚು.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಗೇರ್ ಆಯಿಲ್ ಬೇಡ, ಅದು ದಪ್ಪ. ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಟಿಎಫ್ ಎಣ್ಣೆಗೆ ಡೀಸೆಲ್ ಬೆರೆಸಿ ಒಂದೊಂದು ಸಿಲಿಂಡರಿಗೂ ಸುರಿಯಿರಿ. ಮರುದಿನ ಪ್ಲಗ್ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಒಂದರಲ್ಲಿ ಎಣ್ಣೆ ಪೂರ್ತಿ ಇಳಿದಿರುತ್ತದೆ, ಇನ್ನೊಂದರಲ್ಲಿ ಹಾಕಿದ ಮಟ್ಟದಲ್ಲೇ ಹೊಳೆಯುತ್ತಿರುತ್ತದೆ. ಇಳಿಯದ ಕಡೆಯೇ ಹೆಚ್ಚಾಗಿ ಕಚ್ಚಿಕೊಂಡಿರುವುದು. ಇಳಿದದ್ದಕ್ಕೆ ಮತ್ತೆ ಸುರಿಯಿರಿ. ಒಂದು ವಾರವಾದರೂ ಬಿಡಿ, ಎರಡು ವಾರವಾದರೆ ಇನ್ನೂ ಒಳ್ಳೆಯದು.

ಈ ಮಧ್ಯೆ ಮೇಲಿನ ವಾಲ್ವ್ ಕವರ್ ತೆಗೆಯಿರಿ. ಪದ್ಮಿನಿಯದು ಪುಶ್‌ರಾಡ್ ಎಂಜಿನ್ ಅಲ್ವಾ, ಅಂದರೆ ಕೆಳಗಿನಿಂದ ಸಲಾಕೆ ತಳ್ಳಿದಾಗ ಮೇಲಿನ ರಾಕರ್ ವಾಲ್ವನ್ನು ಒತ್ತುತ್ತದೆ. ಯಾವುದಾದರೂ ವಾಲ್ವ್ ಕೆಳಗೇ ಸಿಕ್ಕಿಕೊಂಡಿದ್ದರೆ ರಾಕರ್ ಸಡಿಲವಾಗಿ ಅಲ್ಲಾಡುತ್ತದೆ. ಅದನ್ನು ಬಿಡಿಸದೆ ತಿರುಗಿಸಿದರೆ ಪಿಸ್ಟನ್ ಬಂದು ವಾಲ್ವಿಗೆ ಹೊಡೆಯಬಹುದು.

ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ, ಕೈಬಲದಲ್ಲೇ ಅತ್ತ ಇತ್ತ ಆಡಿಸಿ. ಒಂದು ಕೂದಲೆಳೆಯಷ್ಟು ಅಲ್ಲಾಡಿದರೂ ಗೆದ್ದಿರಿ. ಅಲ್ಲಿಗೇ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ, ನಾಳೆ ನೋಡಿ. ಪೂರ್ತಿ ಸುತ್ತು ಬಂದ ಮೇಲೂ ಪ್ಲಗ್ ಹಾಕದೆಯೇ ತಿರುಗಿಸಿ. ಉಳಿದ ಎಣ್ಣೆ ಆ ತೂತುಗಳಿಂದ ಚಿಮ್ಮುತ್ತದೆ, ಮುಖ ದೂರ ಇರಲಿ. ಕೆಳಗೆ ಇಳಿದ ಡೀಸೆಲ್ ಎಲ್ಲಾ ಸಂಪಿನಲ್ಲೇ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲೇ ಇರುತ್ತದೆ, ಎಂಜಿನ್ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಲೇಬೇಡಿ.

ಶಿವಮೊಗ್ಗದಿಂದ: ಚಕ್ರದ ವಿಷಯ. ಬ್ರೇಕ್ ಅಡ್ಜಸ್ಟರ್ ಸಡಿಲಿಸಿ. ಆಮೇಲೆ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ. ಡ್ರಮ್ ಬೀಡುಕಬ್ಬಿಣ, ಕಬ್ಬಿಣದ ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಅಂಚು ಹಾರುತ್ತದೆ. ಒಳಗಿನ ಧೂಳನ್ನು ಗಾಳಿಯಲ್ಲಿ ಊದಬೇಡಿ, ಹಳೇ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಬಿಸಾಡಿ. ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರ್ ಒಳಗೆ ಗುಳಿ ಬಿದ್ದಿದ್ದರೆ ಉಜ್ಜುತ್ತಾ ಕೂರಬೇಡಿ, ಹೊಸದು ಹಾಕಿ. ಬ್ರೇಕಿನಲ್ಲಿ ಉಳಿತಾಯ ಬೇಡ.

ಸೈಲೆನ್ಸರ್ ನಟ್ಟುಗಳು ಬರದಿದ್ದರೆ ಗ್ಯಾಸ್ ಟಾರ್ಚಿನ ಬೆಂಕಿಯಲ್ಲಿ ನಟ್ಟನ್ನು ಮಾತ್ರ ಕಾಯಿಸಿ, ಸ್ವಲ್ಪ ಆರಿದ ಮೇಲೆ ಥ್ರೆಡ್ಡಿಗೆ ಮೇಣದ ಬತ್ತಿ ಒತ್ತಿ. ಮೇಣ ಕರಗಿ ಒಳಗೆ ಎಳೆದುಕೊಳ್ಳುತ್ತದೆ. ಬಿಚ್ಚುವ ಮೊದಲು ಒಂದು ಚೂರು ಬಿಗಿಯುವ ಕಡೆ ಒತ್ತಿ ನೋಡಿ, ತುಕ್ಕಿನ ಹಿಡಿತ ಅಲ್ಲಿ ಮುರಿಯುತ್ತದೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಂಕಿ ಬೇಡವೇ ಬೇಡ. ಖಾಲಿ ಟ್ಯಾಂಕಿನ ಆವಿಯೇ ಜಾಸ್ತಿ ಅಪಾಯ.

ಮಂಗಳೂರಿನಿಂದ: ನಮ್ಮ ಕರಾವಳಿ ಗಾಡಿಗೆ ಎಂಜಿನ್‌ಗಿಂತ ಬಾಡಿಯೇ ದೊಡ್ಡ ಕೆಲಸ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್ ಮತ್ತು ನೆಲ ಭಾರ ಹೊರುತ್ತವೆ. ಅಲ್ಲಿ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಸುಮ್ನೆ ಕಣ್ಣಿಗೆ ಚೆಂದ. ಒಂದು ಅಯಸ್ಕಾಂತ ಹಿಡಿದು ಸುತ್ತಿ. ಅಂಟದ ಕಡೆ ಪುಟ್ಟಿ ಇದೆ. ಸ್ಕ್ರೂಡ್ರೈವರಿನಿಂದ ಕುಟ್ಟಿ, ಟಣ್ ಅನ್ನದೆ ಕುಸಿದರೆ ಆ ತಗಡು ಹೋಯಿತು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿ. ಎರಡೂ ಕಡೆ ಒಟ್ಟಿಗೇ ಕತ್ತರಿಸಿದರೆ ಬಾಡಿ ಬಾಗುತ್ತದೆ. ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಿ. ಬಾಗಿಲು ಸರಿಯಾಗಿ ಕೂರುತ್ತಾ ಅಂತ ಆಗಾಗ ಮುಚ್ಚಿ ನೋಡುತ್ತಿರಿ.

ಕೇಳಿದವರು: ಎಳೆಯುವ ಯೋಚನೆ ಬಿಟ್ಟೆ, ಎಲ್ಲರಿಗೂ ಥ್ಯಾಂಕ್ಸ್. ಹಿಂಜು, ಬ್ರಾಕೆಟ್, ಬೋಲ್ಟುಗಳು ಒಂದು ಬುಟ್ಟಿ ಇವೆ. ಒಂದೊಂದೇ ಉಜ್ಜಬೇಕಾ?

ಮೈಸೂರಿನಿಂದ: ಬೇಡ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ತನ್ನಿ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಾಕು. ಮೊದಲು ಗ್ರೀಸ್ ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಹುಳಿ ಒಳಗೆ ಇಳಿಯುವುದಿಲ್ಲ. ರಾತ್ರಿ ನೆನೆಸಿ, ಬೆಳಿಗ್ಗೆ ಬ್ರಷ್ ಆಡಿಸಿದರೆ ಕಪ್ಪು ಕೆಸರಿನ ಹಾಗೆ ಬಿಟ್ಟುಬರುತ್ತದೆ. ಜಾಸ್ತಿ ದಿನ ಮುಳುಗಿಸಿಟ್ಟರೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಕಾರ್ಬೊರೇಟರ್ ಮತ್ತು ಅಲ್ಯೂಮಿನಿಯಂ ಭಾಗ ಇದಕ್ಕೆ ಹಾಕಬೇಡಿ. ಸ್ಪ್ರಿಂಗುಗಳನ್ನೂ ಬೇಡ, ಗಟ್ಟಿ ಉಕ್ಕು ಆಸಿಡ್‌ನಲ್ಲಿ ಪೆಡಸಾಗಿ ಮುರಿಯಬಹುದು.

ತೆಗೆದ ತಕ್ಷಣ ಅಡುಗೆ ಸೋಡಾ ನೀರಿನಲ್ಲಿ ಅದ್ದಿ ಒಣಗಿಸಿ, ಅದೇ ದಿನ ಪ್ರೈಮರ್ ಅಥವಾ ಎಣ್ಣೆ ಹಚ್ಚಿ. ಉಡುಪಿಯಲ್ಲಿ ಮಳೆಗಾಲವಾದರೆ ಸಂಜೆಯೊಳಗೇ ಮತ್ತೆ ಕೆಂಪಾಗುತ್ತದೆ. ಯಾವ ಬೋಲ್ಟ್ ಎಲ್ಲಿಯದು ಅಂತ ನೆನೆಸುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.