ಮ್ಯಾಜಿಕ್ ಕಾರ್ಡ್ ಆಟ: ಡೆತ್‌ಟಚ್, ಟ್ರ್ಯಾಂಪಲ್ ಎರಡೂ ಇದ್ರೆ ಡ್ಯಾಮೇಜ್ ಹಂಚೋದು ಹೇಗೆ?

ಹಸಿರುಕಾಡು:
ಟೈಫಾಯ್ಡ್ ರ‍್ಯಾಟ್ಸ್ (1/1 ಕ್ರೀಚರ್, ಅಂದ್ರೆ ಹೊಡೆಯೋ ಪವರ್ 1, ತಾಳೋ ಟಫ್‌ನೆಸ್ 1; ಡೆತ್‌ಟಚ್, ಅಂದ್ರೆ ಇದರಿಂದ ಸ್ವಲ್ಪ ಡ್ಯಾಮೇಜ್ ಆದ್ರೂ ಕ್ರೀಚರ್ ಸಾಯುತ್ತೆ) ಮೇಲೆ ರ‍್ಯಾಂಕರ್ (ಪವರ್ 2 ಹೆಚ್ಚಿಸಿ ಟ್ರ್ಯಾಂಪಲ್ ಕೊಡೋ ಕಾರ್ಡ್) ಕೂತಿದೆ. ಅಲ್ಲಿಗೆ 3/1, ಜೊತೆಗೆ ಟ್ರ್ಯಾಂಪಲ್ (ಬ್ಲಾಕರ್‌ಗೆ ಕೊಟ್ಟು ಮಿಕ್ಕ ಡ್ಯಾಮೇಜನ್ನ ಆಚೆ ದಾಟಿಸೋ ಶಕ್ತಿ). ಅಟ್ಯಾಕ್ ಮಾಡಿದಾಗ ಎದುರಾಳಿ 6/6 ಕ್ರೀಚರ್ ತಂದು ಬ್ಲಾಕ್ ಮಾಡಿದ್ರೆ, ಮೂರು ಡ್ಯಾಮೇಜೂ ಬ್ಲಾಕರ್‌ಗೇ ಹೋಗುತ್ತಾ, ಇಲ್ಲ ಎದುರಾಳಿಗೂ ಸ್ವಲ್ಪ ತಾಗುತ್ತಾ? ಬ್ಲಾಕರ್ ಇನ್‌ಡಿಸ್ಟ್ರಕ್ಟಿಬಲ್ (ಡ್ಯಾಮೇಜ್‌ನಿಂದ ಸಾಯದ್ದು) ಆಗಿದ್ರೆ?

ಕಪ್ಪುಜೌಗು:
ಬ್ಲಾಕರ್‌ಗೆ 1 ಸಾಕು, ಉಳಿದ 2 ಎದುರಾಳಿಗೆ.

ಟ್ರ್ಯಾಂಪಲ್ ಕೇಳೋದು ಒಂದೇ: ಪ್ರತಿ ಬ್ಲಾಕರ್‌ಗೂ ಲೆಥಲ್ (ಕೊಲ್ಲೋಕೆ ಸಾಕಾಗೋಷ್ಟು) ಡ್ಯಾಮೇಜ್ ಹಂಚಿ ಆಯ್ತಾ? ಡೆತ್‌ಟಚ್ ಇರೋ ಕ್ರೀಚರ್‌ನ ಡ್ಯಾಮೇಜ್ ಸೊನ್ನೆಗಿಂತ ಹೆಚ್ಚಿದ್ರೆ ಸಾಕು, ಟಫ್‌ನೆಸ್ ಎಷ್ಟೇ ಇರಲಿ, ಅದು ಲೆಥಲ್ (ನಿಯಮ 702.2 ಮತ್ತು 702.19). ಇಬ್ಬರು ಬ್ಲಾಕರ್ ಬಂದ್ರೆ 1+1, ಎದುರಾಳಿಗೆ 1. ಮೂವರು ಬಂದ್ರೆ ಏನೂ ಉಳಿಯಲ್ಲ.

ಇನ್‌ಡಿಸ್ಟ್ರಕ್ಟಿಬಲ್ ಆಗಿದ್ರೂ ಲೆಕ್ಕ ಇದೇ. ಬ್ಲಾಕರ್ ಸಾಯಲ್ಲ ನಿಜ, ಆದ್ರೆ ಹಂಚುವಾಗ "ಇದು ಸಾಯುತ್ತಾ" ಅಂತ ಯಾರೂ ನೋಡಲ್ಲ. ಹೆಚ್ಚಿನ ಜಗಳ ಹುಟ್ಟೋದೇ ಇಲ್ಲಿ.

ಐದನೇಮಾನಾ:
ಪ್ರೊಟೆಕ್ಷನ್ ಫ್ರಮ್ ಬ್ಲ್ಯಾಕ್ (ರ‍್ಯಾಟ್ಸ್‌ನಂಥ ಕಪ್ಪು ಕಾರ್ಡ್‌ಗಳ ಡ್ಯಾಮೇಜ್ ತಡೆಯೋ ಶಕ್ತಿ) ಇರೋ ಬ್ಲಾಕರ್ ಬಂದ್ರೂ ಹಾಗೇ. ಅದಕ್ಕೆ ಹಂಚಿದ 1 ತಡೆಯಾಗಿ ವ್ಯರ್ಥ ಆಗುತ್ತೆ, 2 ಮಾತ್ರ ಎದುರಾಳಿಗೆ ತಾಗೇ ತಾಗುತ್ತೆ.

ಆಟ ಕೆಡೋದು ಬೇರೆ ಕಡೆ. ಬ್ಲಾಕರ್‌ಗೆ ಫಸ್ಟ್ ಸ್ಟ್ರೈಕ್ (ಮೊದಲೇ ಹೊಡೆಯೋ ಶಕ್ತಿ) ಇದ್ರೆ ಮೊದಲ ಡ್ಯಾಮೇಜ್ ಸ್ಟೆಪ್‌ನಲ್ಲೇ ರ‍್ಯಾಟ್ಸ್ ಸಾಯುತ್ತೆ, ನಿಮ್ಮಿಂದ ಒಂದು ಪಾಯಿಂಟೂ ಹೋಗಲ್ಲ. (ರ‍್ಯಾಂಕರ್ ಕೈಗೆ ವಾಪಸ್ ಬರುತ್ತೆ, ಅಷ್ಟೇ ಸಮಾಧಾನ.) ಡ್ಯಾಮೇಜ್ ಹಂಚೋ ಮೊದಲೇ ಯಾವುದೋ ಇನ್‌ಸ್ಟಂಟ್ (ಆಟದ ಮಧ್ಯದಲ್ಲೇ ಆಡಬಹುದಾದ) ಕಾರ್ಡ್‌ನಿಂದ ಡೆತ್‌ಟಚ್ ಹೋಯ್ತು ಅಂದ್ರೆ 6 ಟಫ್‌ನೆಸ್ ಪೂರ್ತಿ ತುಂಬಬೇಕು, ಅಂದ್ರೆ ಮೂರೂ ಬ್ಲಾಕರ್‌ಗೇ. ಬ್ಲಾಕ್ ಘೋಷಿಸಿದ ಮೇಲೆ ಅವರೇ ಬ್ಲಾಕರನ್ನ ಸ್ಯಾಕ್ರಿಫೈಸ್ ಮಾಡಿದ್ರೋ, ಟ್ರ್ಯಾಂಪಲ್ ಇರೋದ್ರಿಂದ 3 ಕೂಡ ನೇರ ಅವರಿಗೇ. ಟ್ರ್ಯಾಂಪಲ್ ಇಲ್ದಿದ್ರೆ ಸೊನ್ನೆ, ಯಾಕಂದ್ರೆ ರ‍್ಯಾಟ್ಸ್ ಆಗಲೇ "ಬ್ಲಾಕ್ ಆಗಿರೋ" ಕ್ರೀಚರ್.

ಹಸಿರುಕಾಡು:
ಇಬ್ಬರು ಬ್ಲಾಕರ್ ಇದ್ದಾಗ ಅವರನ್ನ ಮೊದಲು ಸಾಲಾಗಿ ಜೋಡಿಸಬೇಕಲ್ವಾ? ಇನ್ನೊಂದು, ಪ್ಲೇನ್ಸ್‌ವಾಕರ್ (ಕ್ರೀಚರ್ ಅಲ್ಲದ, ಲಾಯಲ್ಟಿ ಕೌಂಟರ್‌ಗಳೇ ಜೀವವಾಗಿರೋ ಕಾರ್ಡ್) ಮೇಲೆ ಅಟ್ಯಾಕ್ ಮಾಡಿದ್ರೆ 1 ಡ್ಯಾಮೇಜ್‌ಗೆ ಅದೂ ಹೋಗುತ್ತಾ?

ಕಪ್ಪುಜೌಗು:
ಆ ಸಾಲಿನ ನಿಯಮ 2024ರಲ್ಲಿ ಫೌಂಡೇಶನ್ಸ್ ಕಾರ್ಡ್ ಸೆಟ್ ಬಂದಾಗಲೇ ಹೋಯ್ತು. ಈಗ ಬ್ಲಾಕರ್‌ಗಳ ನಡುವೆ ಇಷ್ಟ ಬಂದ ಹಾಗೆ ಹಂಚಬಹುದು. ಆದ್ರೆ ಆಚೆ ದಾಟಿಸಬೇಕಂದ್ರೆ ಪ್ರತಿಯೊಬ್ಬ ಬ್ಲಾಕರ್‌ಗೂ ಲೆಥಲ್ ಕೊಟ್ಟಿರಲೇಬೇಕು.

ಡೆತ್‌ಟಚ್ ಕೊಲ್ಲೋದು ಕ್ರೀಚರ್‌ಗಳನ್ನ ಮಾತ್ರ. ಪ್ಲೇನ್ಸ್‌ವಾಕರ್‌ಗೆ 2 ತಾಗಿದ್ರೆ 2 ಲಾಯಲ್ಟಿ ಕೌಂಟರ್ ಇಳಿಯುತ್ತೆ, ಅಷ್ಟೇ. ಲಾಯಲ್ಟಿ 1 ಇದ್ದು 1 ಮಿಕ್ಕಿದ್ರೂ ಅದು ಎದುರಾಳಿಗೆ ಹರಿಯಲ್ಲ.