ನ್ಯೂಟನ್ ರಾಫ್ಸನ್ ಓಡಿಸಿದ್ರೆ 0, 1, 0, 1 ಅಂತಾನೇ ಬರ್ತಿದೆ, ಯಾಕೆ?

ಲಾಸ್ಟ್ ಬೆಂಚ್:
ಎಲ್ರಿಗೂ ನಮಸ್ಕಾರ. ಎಕ್ಸ್³ − 2ಎಕ್ಸ್ + 2 = 0 ಇದರ ರೂಟ್ (ಎಡಗಡೆ ಬೆಲೆ ಸೊನ್ನೆ ಆಗೋ ಎಕ್ಸ್) ಹುಡುಕೋಕೆ ಪೈಥಾನಲ್ಲಿ ನ್ಯೂಟನ್ ರಾಫ್ಸನ್ (ಒಂದು ಊಹೆಯಿಂದ ಶುರು ಮಾಡಿ, ಬೆಲೆನ ಡೆರಿವೇಟಿವಿಂದ ಭಾಗಿಸಿ ಊಹೆಯಿಂದ ಕಳೀತಾ ಹೋಗೋ ವಿಧಾನ) ಬರೆದು 0 ಇಂದ ಶುರು ಮಾಡಿದೆ, ಲೂಪ್ ಎಷ್ಟು ತಿರುಗಿದ್ರೂ 0, 1, 0, 1 ಅಂತ ಪ್ರಿಂಟ್ ಆಗ್ತಾನೇ ಇದೆ. ಇದೇ ಕೋಡಿಗೆ ಎಕ್ಸ್² − 2 ಕೊಟ್ರೆ 1.41421356 ಅಂತ ಪಟ್ ಅಂತ ಬರುತ್ತೆ. ಫ್ಲೋಟಿಂಗ್ ಪಾಯಿಂಟ್ (ಕಂಪ್ಯೂಟರ್ ಡೆಸಿಮಲ್‌ಗಳನ್ನ ರೌಂಡ್ ಮಾಡಿ ಇಟ್ಕೊಳ್ಳೋದು) ಪ್ರಾಬ್ಲಮ್ಮಾ? ಡೆಸಿಮಲ್ ಜಾಸ್ತಿ ಮಾಡಿದ್ರೆ ಸರಿ ಹೋಗುತ್ತಾ?

ಪೆನ್ನು ಪೇಪರ್:
ಫ್ಲೋಟಿಂಗ್ ಪಾಯಿಂಟ್ ಪಾಪ ಏನೂ ಮಾಡಿಲ್ಲ ಬಿಡಿ 😄 ಕೈಯಲ್ಲೇ ಲೆಕ್ಕ ಹಾಕಿ. 0 ಹಾಕಿದ್ರೆ ಬೆಲೆ 2, ಡೆರಿವೇಟಿವ್ (ಆ ಜಾಗದಲ್ಲಿ ಕರ್ವಿನ ಇಳಿಜಾರು) −2, ಭಾಗಿಸಿ ಕಳೆದ್ರೆ 1. 1 ಹಾಕಿದ್ರೆ ಬೆಲೆನೂ 1 ಡೆರಿವೇಟಿವೂ 1, ಕಳೆದ್ರೆ ವಾಪಸ್ 0. ಎಲ್ಲಾ ಪೂರ್ಣಾಂಕ, ರೌಂಡಿಂಗಿಗೆ ಜಾಗ ಎಲ್ಲಿದೆ? ಸಾವಿರ ಡೆಸಿಮಲ್ ಇಟ್ರೂ ಇಷ್ಟೇ. ಸ್ವಲ್ಪ ಪಕ್ಕಕ್ಕೆ ಸರಿದು 0.1 ಕೊಟ್ರೂ ತಪ್ಪಿಸ್ಕೊಳ್ಳೋಕಾಗಲ್ಲ, 1.014, 0.08 ಅಂತ ಹೋಗಿ ಕೊನೆಗೆ ಅದೇ ಸುಳಿಗೆ ಬೀಳುತ್ತೆ. ಗ್ರಾಫ್ ಹಾಕಿ ನೋಡಿ, 0.816 ಹತ್ರ ಕರ್ವ್ ಕೆಳಗಿಳಿದು ಅಕ್ಷ ಮುಟ್ಟದೇನೇ ಮೇಲೆ ಹೋಗುತ್ತೆ, ಅಲ್ಲಿ ರೂಟೇ ಇಲ್ಲ, ಟ್ಯಾಂಜೆಂಟ್ (ಕರ್ವನ್ನ ಮುಟ್ಟೋ ನೇರ ಗೆರೆ) ಮಾತ್ರ ಆಕಡೆ ಈಕಡೆ ಎಸೀತಿರುತ್ತೆ. −2 ಇಂದ ಶುರು ಮಾಡಿ: −1.8, −1.76995, −1.76929, ಅಷ್ಟೇ, ಮುಗೀತು.

ಅರ್ಧಅರ್ಧ:
ಮೇಲಿನವ್ರು ಹೇಳಿದ್ದು ಸರಿ. ಆದ್ರೆ ಪ್ರತಿ ಸಲ ಗ್ರಾಫ್ ನೋಡ್ಕೊಂಡು ಕೂರೋಕಾಗಲ್ವಲ್ಲ, ನಾನಂತೂ ಮೊದಲು ಬೈಸೆಕ್ಷನ್ನೇ ಹಾಕೋದು. ಇಲ್ಲಿ −2ಕ್ಕೆ ಬೆಲೆ −2, −1ಕ್ಕೆ 3, ಚಿಹ್ನೆ ಬದಲಾಯ್ತು ಅಂದ್ರೆ ಮಧ್ಯೆ ರೂಟ್ ಇದ್ದೇ ಇದೆ, ಆ ಅಂತರಾನ ಅರ್ಧ ಮಾಡ್ತಾ, ಚಿಹ್ನೆ ಬದಲಾಗೋ ಅರ್ಧಾನೇ ಇಟ್ಕೊಳ್ತಾ ಹೋದ್ರೆ 10 ಸಲಕ್ಕೆ ಅಂತರ 1/1024 ಆಗುತ್ತೆ. ನಿಧಾನ, ಆದ್ರೆ ಕೈ ಕೊಡಲ್ಲ. ಹತ್ರ ಬಂದ್ಮೇಲೆ ನ್ಯೂಟನ್ನಿಗೆ ಬಿಡಿ. ಇಷ್ಟೆಲ್ಲಾ ಬೇಡ ಅಂದ್ರೆ ಪೈಥಾನಿನ ಸೈಪೈ ಲೈಬ್ರರಿಯಲ್ಲಿ ಬ್ರೆಂಟ್‌ಕ್ಯೂ ಅಂತ ರೂಟ್ ಹುಡುಕೋ ಫಂಕ್ಷನ್ ಇದೆ, ಚಿಹ್ನೆ ಬದಲಾಗೋ ಎರಡು ತುದಿ ಕೊಟ್ರೆ ಸಾಕು. ಪುಸ್ತಕದ ಲೆಕ್ಕಗಳಲ್ಲೆಲ್ಲಾ ನಾಲ್ಕೇ ಸ್ಟೆಪ್ಪಿಗೆ ಉತ್ತರ ಬರೋ ಸಮೀಕರಣಾನೇ ಆರಿಸಿರ್ತಾರೆ, ಅದೇ ತೊಂದರೆ.
ಮತ್ತೆ ಲೂಪ್ ನಿಲ್ಲಿಸೋಕೆ "ಬೆಲೆ == 0" ಅಂತ ಬರೀಬೇಡಿ, ಫ್ಲೋಟಿಂಗ್ ಪಾಯಿಂಟ್ ಕಾಟ ಕೊಡೋದು ಅಲ್ಲಿ. ಟಾಲರೆನ್ಸ್ (ಸೊನ್ನೆಗೆ ಇಷ್ಟು ಹತ್ರ ಬಂದ್ರೆ ಸಾಕು ಅನ್ನೋ ಅಳತೆ) ಇಡಿ, ಜೊತೆಗೆ ಗರಿಷ್ಠ 50 ಸಲ ಅಂತಲೂ ಒಂದು ಮಿತಿ ಹಾಕಿ.

ಲಾಸ್ಟ್ ಬೆಂಚ್:
−2 ಕೊಟ್ಟೆ, ಬಂತು! ಥ್ಯಾಂಕ್ಸ್ ಇಬ್ರಿಗೂ. ಆದ್ರೆ ಕ್ಯೂಬಿಕ್ ಅಂದ್ಮೇಲೆ ಮೂರು ರೂಟ್ ಇರ್ಬೇಕಲ್ವಾ, ಉಳಿದೆರಡು?

ಪೆನ್ನು ಪೇಪರ್:
ಅವೆರಡೂ ಕಾಂಪ್ಲೆಕ್ಸ್ (ಜೆ, ಅಂದ್ರೆ √−1, ಸೇರಿರೋ ಸಂಖ್ಯೆಗಳು), ಬೈಸೆಕ್ಷನ್ನಿಗೆ ಸಿಗಲ್ಲ. ನಿಮ್ಮ ಅದೇ ನ್ಯೂಟನ್ ಕೋಡಿಗೆ 1+1ಜೆ ಇಂದ ಶುರು ಕೊಡಿ, ಬೇರೇನೂ ಬದಲಾಯಿಸ್ಬೇಡಿ, ಮೊದಲ ಸ್ಟೆಪ್ಪಲ್ಲೇ 0.9+0.7ಜೆ ಬಂದು ಆಮೇಲೆ 0.8846+0.5897ಜೆ ಹತ್ರ ನಿಲ್ಲುತ್ತೆ. ಇನ್ನೊಂದು ಅದರದ್ದೇ ಕಾಂಜುಗೇಟ್, ಅಂದ್ರೆ ಜೆ ಭಾಗದ ಚಿಹ್ನೆ ಮಾತ್ರ ಉಲ್ಟಾ.