ಬಿಳಿ ರಕ್ತಕಣ 1,38,000, ವರದಿಯಲ್ಲಿ ‘ಸಿಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಶಂಕೆ’: ಮುಂದೆ ಯಾವ ಪರೀಕ್ಷೆ, ಎಷ್ಟು ಅವಸರ?

ತುಂಗಾತೀರ

ನಮ್ಮ ಭಾವನವರಿಗೆ 44 ವರ್ಷ. ಎರಡು ತಿಂಗಳಿಂದ ಸುಸ್ತು, ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ, ಎಡಪಕ್ಕೆಯ ಕೆಳಗೆ ಭಾರ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದ್ದಾಯಿತು. ಈಗ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿ ಬಂದಿದೆ: ಹಿಮೋಗ್ಲೋಬಿನ್ 10.2, ಬಿಳಿ ರಕ್ತಕಣ 1,38,000, ಪ್ಲೇಟ್‌ಲೆಟ್ 5.9 ಲಕ್ಷ. ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ) ಮೈಲೋಸೈಟ್ (ಪೂರ್ತಿ ಬಲಿಯದ ಬಿಳಿ ಕಣ) 18%, ಬೇಸೋಫಿಲ್ (ಒಂದು ಬಗೆಯ ಬಿಳಿ ಕಣ) 6%, ಬ್ಲಾಸ್ಟ್ (ತೀರಾ ಎಳೆಯ ಕಣ) 2%. ಜ್ವರ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಗುಲ್ಮ (ಸ್ಪ್ಲೀನ್) 17 ಸೆಂ.ಮೀ.

ಸೋಂಕಿನಿಂದಲೂ ಕಣಗಳು ಇಷ್ಟು ಏರುತ್ತವೆಯೇ? ಬೆನ್ನುಮೂಳೆಯಿಂದ ಮಜ್ಜೆ ತೆಗೆಯಬೇಕಂತೆ, ಮನೆಯಲ್ಲಿ ಎಲ್ಲರಿಗೂ ಅದೇ ಹೆದರಿಕೆ, ರಕ್ತದಲ್ಲೇ ತಿಳಿಯುವುದಿಲ್ಲವೇ? ಸದ್ಯಕ್ಕೆ ಹೈಡ್ರಾಕ್ಸಿಯೂರಿಯಾ, ಅಲೋಪ್ಯೂರಿನಾಲ್ ಬರೆದಿದ್ದಾರೆ. ಚಿಕಿತ್ಸೆ ಇಷ್ಟೇನಾ, ಕಿಮೋ ಬೇಕಾಗುತ್ತದಾ?

ಸ್ಮಿಯರ್‌ಮೇಷ್ಟ್ರು

ಮೊದಲು ಸೋಂಕಿನ ಮಾತು. ಸೋಂಕಿನಲ್ಲಿ ಎಣಿಕೆ 50,000 ದಾಟುವುದೇ ಅಪರೂಪ, ಲಕ್ಷ ದಾಟುವುದು ಇನ್ನೂ ಅಪರೂಪ. ಸೋಂಕಿದ್ದರೆ ಜ್ವರವೋ ಕೀವೋ ಏನಾದರೂ ಒಂದು ಕಾಣಬೇಕು. ನಾನು ಎಣಿಕೆಗಿಂತ ಬೇಸೋಫಿಲ್ ಕಡೆ ನೋಡುತ್ತೇನೆ. ಸೋಂಕಿನಲ್ಲಿ ಅದು ಹೀಗೆ ಏರುವುದಿಲ್ಲ. ಬೇಸೋಫಿಲ್ 6%, ಮೈಲೋಸೈಟ್‌ಗಳ ಗುಂಪು, ಊದಿದ ಗುಲ್ಮ ಮೂರೂ ಒಟ್ಟಿಗೆ ಇದ್ದರೆ ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ಅಂದರೆ ಸಿಎಂಎಲ್, ಎಂಬ ಶಂಕೆ ಗಟ್ಟಿ. ಉಂಡ ಕೂಡಲೇ ಹೊಟ್ಟೆ ತುಂಬುವುದೂ ಗ್ಯಾಸ್ಟ್ರಿಕ್ ಅಲ್ಲ, ಗುಲ್ಮ ಜಠರವನ್ನು ಒತ್ತುತ್ತಿದೆ.

ಆದರೆ ಸ್ಮಿಯರ್ ಶಂಕೆಯನ್ನಷ್ಟೇ ಹೇಳುತ್ತದೆ. ತೀರ್ಮಾನ ಹೇಳುವುದು ಬಿಸಿಆರ್-ಎಬಿಎಲ್ ಪರೀಕ್ಷೆ. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಾಗ ಗಿಡ್ಡಗಾಗುವ 22ನೆಯದೇ ಫಿಲಡೆಲ್ಫಿಯಾ ಕ್ರೋಮೋಸೋಮ್. 1960ರಲ್ಲಿ ಪತ್ತೆಯಾಯಿತು, ಅದು ಅದಲುಬದಲಿನಿಂದ ಆದದ್ದು ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಅಲ್ಲಿ ಬಿಸಿಆರ್, ಎಬಿಎಲ್ ಎಂಬ ಎರಡು ಜೀನ್‌ಗಳು ಬೆಸೆದುಕೊಳ್ಳುತ್ತವೆ. ಆ ಬೆಸುಗೆಯಲ್ಲಿ ಹುಟ್ಟುವ ಕಿಣ್ವ ಆರಿಸಲಾಗದ ಸ್ವಿಚ್ಚಿನಂತೆ. ಕಣಗಳು ಹೆಚ್ಚುತ್ತಲೇ ಹೋಗುತ್ತವೆ.

ಇದಕ್ಕೆ ಕೈಯಿಂದ ತೆಗೆದ ರಕ್ತ ಸಾಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೊಡಿ. ಪರೀಕ್ಷೆ ನಡೆಯುವುದು ಆರ್‌ಎನ್‌ಎ ಮೇಲೆ, ಅದು ಬೇಗ ಹಾಳಾಗುತ್ತದೆ. 24 ಗಂಟೆಯೊಳಗೆ ಲ್ಯಾಬ್ ಸೇರುವಂತಿರಲಿ. ಶನಿವಾರ ಸಂಜೆ ಕೊಟ್ಟು ಮಂಗಳವಾರ ತಲುಪಿದರೆ ದುಡ್ಡು ದಂಡ.

ಇನ್ನೊಂದು: ಮೊದಲ ಸಲ ‘ಟ್ರಾನ್ಸ್‌ಕ್ರಿಪ್ಟ್ (ಬೆಸೆದ ಜೀನಿನ ಆರ್‌ಎನ್‌ಎ ಪ್ರತಿ) ಯಾವ ಬಗೆ’ ಎಂದು ವರದಿಯಲ್ಲಿ ಬರೆಸಿಕೊಳ್ಳಿ. ಹೆಚ್ಚಿನವರಲ್ಲಿ ಇ13ಎ2 ಅಥವಾ ಇ14ಎ2 ಇರುತ್ತದೆ. ಅಪರೂಪಕ್ಕೆ ಇ1ಎ2, ಇ19ಎ2 ಇದ್ದರೆ ಮಾಮೂಲಿ ಪಿಸಿಆರ್ (ಬಿಸಿಆರ್-ಎಬಿಎಲ್ ಹುಡುಕುವ ಈ ಪರೀಕ್ಷೆಯ ವಿಧಾನ) ಅದನ್ನು ಹಿಡಿಯದೆ ‘ಇಲ್ಲ’ ಎಂದುಬಿಡುತ್ತದೆ. ಸ್ಮಿಯರ್ ಹೌದೆಂದು, ಪಿಸಿಆರ್ ಇಲ್ಲವೆಂದು ಹೇಳಿದರೆ ಫಿಶ್ ಪರೀಕ್ಷೆ (ಹೊಳೆಯುವ ಬಣ್ಣ ಅಂಟಿಸಿ ಕ್ರೋಮೋಸೋಮಿನಲ್ಲೇ ಬೆಸುಗೆ ಹುಡುಕುವುದು) ಮಾಡಿಸದೆ ಬಿಡಬೇಡಿ.

ಮಜ್ಜಿಗೆಯಲ್ಲ_ಮಜ್ಜೆ

ಮೇಷ್ಟ್ರು ಹೇಳಿದ್ದು ಸರಿ, ಆದರೆ ‘ರಕ್ತ ಸಾಕು’ ಅನ್ನುವುದನ್ನು ಓದಿ ಮಜ್ಜೆ ಪರೀಕ್ಷೆ ತಪ್ಪಿಸಿಕೊಳ್ಳುವವರಿದ್ದಾರೆ. ರೋಗ ಯಾವುದು ಎನ್ನಲು ರಕ್ತ ಸಾಕು, ಯಾವ ಹಂತ ಎನ್ನಲು ಮಜ್ಜೆ ಬೇಕು. ಬ್ಲಾಸ್ಟ್ 10%ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕ್ರಾನಿಕ್ ಹಂತ, 20% ಮುಟ್ಟಿದರೆ ಬ್ಲಾಸ್ಟ್ ಹಂತ. ಎರಡಕ್ಕೂ ಚಿಕಿತ್ಸೆ ಬೇರೆಬೇರೆ. ಫಿಲಡೆಲ್ಫಿಯಾ ಬಿಟ್ಟು ಬೇರೆ ಕ್ರೋಮೋಸೋಮ್ ದೋಷವಿದೆಯೇ ಎಂಬುದೂ ಮಜ್ಜೆಯ ಕ್ಯಾರಿಯೋಟೈಪ್‌ನಲ್ಲೇ (ಕ್ರೋಮೋಸೋಮ್‌ಗಳನ್ನು ಜೋಡಿಸಿ ನೋಡುವ ಪರೀಕ್ಷೆ) ಕಾಣುವುದು. ಅದಕ್ಕೆ ಜೀವಂತ ಕಣ ಬೇಕು, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು. ನೇರಳೆ ಟ್ಯೂಬಿಗೆ ಹಾಕಿ ಕಳಿಸಿ ‘ಕಣ ಬೆಳೆಯಲಿಲ್ಲ’ ಅನ್ನಿಸಿಕೊಂಡು, ಮತ್ತೊಮ್ಮೆ ಚುಚ್ಚಿಸಿಕೊಳ್ಳುವ ಕರ್ಮ ಬೇಡ.

ಬೆನ್ನುಮೂಳೆಗೆ ಸೂಜಿ ಹಾಕುವುದಿಲ್ಲ, ಸೊಂಟದ ಹಿಂಭಾಗದ ಮೂಳೆಗೆ. ಚರ್ಮಕ್ಕೂ ಮೂಳೆಯ ಹೊದಿಕೆಗೂ ಲಿಗ್ನೊಕೇನ್ ಕೊಡುತ್ತಾರೆ. ಮಜ್ಜೆ ಎಳೆಯುವ ಕೆಲವು ಸೆಕೆಂಡು ಜಗ್ಗಿದಂತೆ ನೋವಾಗುತ್ತದೆ, ಅದಕ್ಕೆ ಮರಗಟ್ಟಿಸುವ ಮದ್ದು ನಾಟುವುದಿಲ್ಲ. ಆಮೇಲೆ ಅರ್ಧ ಗಂಟೆ ಅಂಗಾತ ಮಲಗಿದರೆ ಮೈಭಾರವೇ ಗಾಯವನ್ನು ಒತ್ತಿ ಹಿಡಿಯುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಅವಸರ ಎಷ್ಟು? ಅಕ್ಯೂಟ್ ಲುಕೇಮಿಯಾದ ಹಾಗೆ ದಿನ ಎಣಿಸುವ ಕಾಯಿಲೆ ಇದಲ್ಲ (ಧಾರಾವಾಹಿಗಳಲ್ಲಿ ಎಲ್ಲ ಬ್ಲಡ್ ಕ್ಯಾನ್ಸರೂ ಒಂದೇ, ಅದಕ್ಕೇ ಈ ಗಾಬರಿ). ಈ ವಾರದೊಳಗೆ ರಕ್ತರೋಗ ತಜ್ಞರನ್ನು ಕಂಡರೆ ಆಯಿತು. ಆದರೆ ಉಸಿರು ಕಟ್ಟುವುದು, ಕಣ್ಣು ಮಂಜಾಗುವುದು, ಮಾತು ತಡವರಿಸುವುದು, ಗಂಡಸರಲ್ಲಿ ಗಂಟೆಗಟ್ಟಲೆ ಇಳಿಯದ ನಿಮಿರುವಿಕೆ, ಎಡಭುಜದವರೆಗೆ ಹಬ್ಬುವ ಹೊಟ್ಟೆನೋವು, ಇವುಗಳಲ್ಲಿ ಒಂದು ಕಂಡರೂ ಆ ಹೊತ್ತೇ ಆಸ್ಪತ್ರೆಗೆ. ಹೊಟ್ಟೆ ಉಬ್ಬರವೆಂದು ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಊದಿದ ಗುಲ್ಮ ಒಡೆಯಬಹುದು.

ಮಾತ್ರೆಪೆಟ್ಟಿಗೆ

ಔಷಧಿಯ ಬಗ್ಗೆ. ಹೈಡ್ರಾಕ್ಸಿಯೂರಿಯಾ ಎಣಿಕೆ ಇಳಿಸುತ್ತದೆ ಅಷ್ಟೇ, ರೋಗದ ಬೇರನ್ನು ಮುಟ್ಟುವುದಿಲ್ಲ. ವರದಿ ಬರುವವರೆಗಿನ ಏರ್ಪಾಡು. ಕಣಗಳು ಸತ್ತಾಗ ಯೂರಿಕ್ ಆಮ್ಲ ಏರುತ್ತದೆ, ಅದಕ್ಕೆ ಅಲೋಪ್ಯೂರಿನಾಲ್. ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ದಿನಕ್ಕೆ ಎರಡೂವರೆ–ಮೂರು ಲೀಟರ್ ನೀರು ಕುಡಿಯಲಿ.

ಕ್ರಾನಿಕ್ ಹಂತಕ್ಕೆ ಡ್ರಿಪ್ಪು ಹಾಕುವ ಕಿಮೋ ಬೇಡ. ಮೇಷ್ಟ್ರು ಹೇಳಿದ ಆ ಕಿಣ್ವವನ್ನು ತಡೆಯುವ ಮಾತ್ರೆ ಇಮಾಟಿನಿಬ್ 400 ಮಿ.ಗ್ರಾಂ, ದಿನಕ್ಕೊಂದು. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಪಡೆದ ಔಷಧ. ಇದರ ಪೇಟೆಂಟ್ ಕೋರಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು, ಹಾಗಾಗಿ ಜೆನೆರಿಕ್ ಧಾರಾಳವಾಗಿ ಸಿಗುತ್ತದೆ.

ಹೊಟ್ಟೆ ತುಂಬ ಉಂಡ ಮೇಲೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ಖಾಲಿ ಹೊಟ್ಟೆಗೆ ಬಿದ್ದರೆ ವಾಂತಿ ಗ್ಯಾರಂಟಿ ಅಂದುಕೊಳ್ಳಿ. ನುಂಗಲಾಗದಿದ್ದರೆ 200 ಮಿ.ಲೀ. ನೀರಿನಲ್ಲಿ ಕದಡಿ ತಕ್ಷಣ ಕುಡಿಯಬಹುದು. ಬೆಳಿಗ್ಗೆ ರೆಪ್ಪೆ ಊದುವುದು, ಮೀನಖಂಡ ಹಿಡಿದುಕೊಳ್ಳುವುದು, ಚರ್ಮ ಬಿಳಿಚಿಕೊಳ್ಳುವುದು ಸಾಮಾನ್ಯ. ಇವಕ್ಕೆ ಹೆದರಿ ಮಾತ್ರೆ ಬಿಡುವುದೇ ದೊಡ್ಡ ತಪ್ಪು. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ಕಣ) 1,000ಕ್ಕಿಂತ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದರೆ ವೈದ್ಯರೇ ಕೆಲವು ದಿನ ನಿಲ್ಲಿಸುತ್ತಾರೆ, ನಾವಾಗಿ ನಿಲ್ಲಿಸುವಂತಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇಮಾಟಿನಿಬ್‌ನ ಬಲ ಕುಗ್ಗಿಸುತ್ತವೆ. ಗ್ರೇಪ್‌ಫ್ರೂಟ್ ಮತ್ತು ಅದರ ನೆಂಟ ಚಕ್ಕೋತ ರಕ್ತದಲ್ಲಿ ಔಷಧದ ಮಟ್ಟ ಏರಿಸಬಹುದು. ದೇವನಹಳ್ಳಿಯದೇ ಆದರೂ ಬೇಡ. ಮೋಸಂಬಿಗೆ ಅಡ್ಡಿಯಿಲ್ಲ. ಹೆಸರಿಲ್ಲದ ಚೂರ್ಣ, ಕಷಾಯ ದೂರವಿಡಿ.

ಬಿಪಿಎಲ್ ಕಾರ್ಡ್ ಇದ್ದರೆ ಕೈಯಿಂದ ದುಡ್ಡು ಹಾಕುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶವಿದೆ.

ತುಂಗಾತೀರ

ತುಂಬಾ ಉಪಕಾರ. ಬಿಳಿ ಕಣ ಮಾಮೂಲಿಗೆ ಬಂದರೆ ಗುಣವಾಯಿತು ಅಂತಲೇ? ಮಾತ್ರೆ ಎಷ್ಟು ವರ್ಷ?

ಸ್ಮಿಯರ್‌ಮೇಷ್ಟ್ರು

ಎಲ್ಲರೂ ಎಡವುವುದು ಅಲ್ಲೇ. ಕೆಲವು ವಾರಗಳಲ್ಲಿ ಸಿಬಿಸಿ ಚೊಕ್ಕವಾಗುತ್ತದೆ, ರೋಗಿಗೂ ಹಾಯೆನಿಸುತ್ತದೆ, ಮಾತ್ರೆ ತಪ್ಪತೊಡಗುತ್ತದೆ. ಸಿಬಿಸಿಗೆ ಕಾಣದ ರೋಗ ಪಿಸಿಆರ್‌ಗೆ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಪ್ರಮಾಣ ನೋಡಬೇಕು: 3 ತಿಂಗಳಿಗೆ 10% ಅಥವಾ ಕೆಳಗೆ, 6 ತಿಂಗಳಿಗೆ 1%, ವರ್ಷಕ್ಕೆ 0.1%. ವರದಿಯಲ್ಲಿ ‘ಇಂಟರ್‌ನ್ಯಾಷನಲ್ ಸ್ಕೇಲ್’ ಎಂದಿರಬೇಕು, ಪ್ರತಿ ಸಲವೂ ಅದೇ ಲ್ಯಾಬ್ ಆಗಿರಬೇಕು. ಇಲ್ಲದಿದ್ದರೆ ಅಂಕಿ ಹೋಲಿಸಿ ಪ್ರಯೋಜನವಿಲ್ಲ.

ಗುರಿ ತಪ್ಪಿದರೆ ಮೊದಲ ಪ್ರಶ್ನೆ: ಮಾತ್ರೆ ದಿನಾ ಹೋಗುತ್ತಿದೆಯೇ? ಖಾಲಿ ಸ್ಟ್ರಿಪ್ ಎಣಿಸಿ ನೋಡಿ, ಬಾಯಿಮಾತು ನಂಬಬೇಡಿ. ಹೋಗುತ್ತಿದ್ದರೆ ಮ್ಯುಟೇಶನ್ ಪರೀಕ್ಷೆ, ಅಂದರೆ ಔಷಧಕ್ಕೆ ಜಗ್ಗದಂತೆ ಜೀನ್ ಬದಲಾಗಿದೆಯೇ ಎಂದು ನೋಡುವುದು. ಅದರ ಫಲ ನೋಡಿ ಡಾಸಾಟಿನಿಬ್ ಅಥವಾ ನಿಲೋಟಿನಿಬ್ ಎಂಬ ಬೇರೆ ಮಾತ್ರೆ. ಟಿ315ಐ ಎಂಬ ಮ್ಯುಟೇಶನ್ ಬಂದರೆ ಇವೆರಡೂ ನಡೆಯುವುದಿಲ್ಲ, ಪೊನಾಟಿನಿಬ್‌ನಂಥದ್ದು ಬೇಕಾಗುತ್ತದೆ.

ಮಾತ್ರೆಪೆಟ್ಟಿಗೆ

ಒಂದು ಸೇರಿಸುತ್ತೇನೆ: ನಿಲೋಟಿನಿಬ್‌ಗೆ ಬದಲಾದರೆ ಊಟದ ನಿಯಮ ತಿರುಗುಮುರುಗು. ನುಂಗುವ 2 ಗಂಟೆ ಮೊದಲಿಂದ, ನುಂಗಿದ 1 ಗಂಟೆಯವರೆಗೆ ಏನೂ ತಿನ್ನಬಾರದು, ಹಾಲು ಕಾಫಿಯೂ ಬೇಡ. ಇಮಾಟಿನಿಬ್‌ನ ರೂಢಿಯಲ್ಲೇ ಉಂಡು ನುಂಗಿದರೆ ಔಷಧ ಅತಿಯಾಗಿ ರಕ್ತ ಸೇರಿ ಹೃದಯದ ಬಡಿತ ಕೆಡಬಹುದು.

ಮಜ್ಜಿಗೆಯಲ್ಲ_ಮಜ್ಜೆ

ವರ್ಷದ ಲೆಕ್ಕ: ಜೀವನಪರ್ಯಂತ ಎಂದುಕೊಂಡೇ ಶುರು ಮಾಡಿ. ಐದು ವರ್ಷಕ್ಕೂ ಮೇಲೆ ಇಮಾಟಿನಿಬ್ ತೆಗೆದುಕೊಂಡು, ಅದರಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಪಿಸಿಆರ್ 0.01% ಅಥವಾ ಅದಕ್ಕಿಂತ ಕೆಳಗೆ ನಿಂತಿದ್ದರೆ ವೈದ್ಯರ ನಿಗಾದಲ್ಲಿ ನಿಲ್ಲಿಸಿ ನೋಡುವುದುಂಟು. ಸುಮಾರು ಅರ್ಧ ಜನರಲ್ಲಿ ರೋಗ ಮತ್ತೆ ತಲೆಯೆತ್ತುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಅದಕ್ಕೇ ಆಗ ಪ್ರತಿ ತಿಂಗಳೂ ಪಿಸಿಆರ್. ಮತ್ತೆ ಮಾತ್ರೆ ಶುರು ಮಾಡಿದರೆ ಬಹುತೇಕ ಎಲ್ಲರಲ್ಲೂ ಹತೋಟಿಗೆ ಬರುತ್ತದೆ.